ಊರು ಬಿಟ್ಟು ಹೊರಟ ಮನೆಗಳು

ನಮ್ಮ ಕಾಗದಪತ್ರಗಳ ಭಾಷೆಯಲ್ಲಿ ಆಸ್ತಿಯು ಎರಡು ವಿಧ. ಒಡವೆ, ದನಕರು, ಪಾತ್ರೆ ಪಡಗ ಇವು ಚರಾಸ್ತಿ. ಹೊಲ, ತೋಟ, ಮನೆ ಇವು ಸ್ಥಿರಾಸ್ತಿ. ಹೊಲವು ಸ್ಥಿರ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಮನೆಯೂ ಹಾಗೆಯೇ ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. 'ಮನೆ ಬದಲಾಯಿಸಿದೆವು' ಎಂದು ಯಾರಾದರೂ ಹೇಳಿದರೆ, ಮನುಷ್ಯರೂ ಸಾಮಾನುಗಳೂ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದವೆಂದೇ ತಿಳಿಯುತ್ತೇವೆಯೇ ಹೊರತು, ಮನೆಯೇ ಎದ್ದು ಹೊರಟಿತೆಂದು ಯಾರೂ ತಿಳಿಯುವುದಿಲ್ಲ. ಆದರೆ ಇತಿಹಾಸದಲ್ಲಿ ಮನೆಗಳು ಎದ್ದು ಹೊರಟ ಪ್ರಸಂಗಗಳು ಬೇಕಾದಷ್ಟಿವೆ. ಕೆಲವು ಉರುಳುಮರಗಳ ಮೇಲೆ ಹೋಗಿವೆ, ಕೆಲವು ಸಮುದ್ರದ ಮೇಲೆ ತೇಲಿಕೊಂಡು ಹೋಗಿವೆ, ಮತ್ತೆ ಕೆಲವು ಎತ್ತಿನ ಗಾಡಿಗಳಲ್ಲಿ ತುಂಡುತುಂಡಾಗಿ ಹೋಗಿವೆ. ಇಂದು ಆ ಮನೆಗಳ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆನಿಸಿದೆ.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಮಹಮ್ಮದ್ ಬಿನ್ ತುಘಲಕನ ಪಾಠ ನೆನಪಿರಬಹುದು. 1327ರ ಸುಮಾರಿಗೆ ಆತ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಒಯ್ದ ಕಥೆಯನ್ನು ಹೇಳಿ ಮುಗಿಸುವಷ್ಟರಲ್ಲಿ, ಹೆಚ್ಚುಕಡಿಮೆ ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಯಾರಾದರೊಬ್ಬ ಎದ್ದು, 'ಸಾರ್, ಹಾಗಾದರೆ ಅವರ ಮನೆಗಳನ್ನು ಏನು ಮಾಡಿದರು?' ಎಂದು ಕೇಳುತ್ತಿದ್ದ. ಉಳಿದವರು ನಗುತ್ತಿದ್ದರು. ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಇತಿಹಾಸದ ಪುಸ್ತಕಗಳು ರಾಜನು ಎಲ್ಲಿಂದ ಎಲ್ಲಿಗೆ ಹೋದನೆಂದು ಬರೆಯುತ್ತವೆ. ಆತನ ಹಿಂದೆ ಹೊರಟವರು ಬಾಗಿಲಿಗೆ ಬೀಗ ಹಾಕಿದರೇ, ಬಾಗಿಲನ್ನೇ ಕಳಚಿಕೊಂಡು ಹೋದರೇ ಎಂಬುದನ್ನು ಬರೆಯುವುದಿಲ್ಲ. ಅದು ನಗುವ ಪ್ರಶ್ನೆಯಲ್ಲ. ಜನರು ಊರು ಬಿಟ್ಟ ಪ್ರತಿಯೊಂದು ಸಂದರ್ಭದಲ್ಲಿಯೂ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಮನೆಯನ್ನು ಇಡಿಯಾಗಿ ಸಾಗಿಸುವ ವಿದ್ಯೆ ಬಹುವಾಗಿ ಬೆಳೆದದ್ದು ಉತ್ತರ ಅಮೆರಿಕದಲ್ಲಿ. ಅದಕ್ಕೆ ಕಾರಣ ಅಲ್ಲಿನ ಮನೆಗಳ ರಚನೆ. ಮಣ್ಣಿನ ಗೋಡೆಯ ಅಥವಾ ಕೆಂಪುಕಲ್ಲಿನ ನಮ್ಮ ಮನೆಗಳು ನೆಲಕ್ಕೇ ಅಂಟಿಕೊಂಡು ಬೆಳೆದಂಥವು. ಗೋಡೆಯೇ ಭಾರವನ್ನೆಲ್ಲ ಹೊರುತ್ತದೆ. ಅಲ್ಲಿಯಾದರೋ 1830ರ ದಶಕದಿಂದೀಚೆಗೆ ತೆಳುವಾದ ಮರದ ಪಟ್ಟಿಗಳನ್ನು ಹತ್ತಿರ ಹತ್ತಿರ ನಿಲ್ಲಿಸಿ, ಮೊಳೆ ಹೊಡೆದು, ಹಲಗೆ ಹೊದಿಸಿ ಮನೆ ಕಟ್ಟುವ ಪದ್ಧತಿ ಹಬ್ಬಿತು. ಅಂಥ ಮನೆಯು ಒಂದು ದೊಡ್ಡ ಮರದ ಪೆಟ್ಟಿಗೆಯಿದ್ದಂತೆ. ಬುನಾದಿಯ ಮೇಲೆ ಅದು ಕುಳಿತಿರುತ್ತದೆ, ಅಷ್ಟೆ. ಬುನಾದಿಯ ಗೋಡೆಯಲ್ಲಿ ಅಲ್ಲಲ್ಲಿ ಕಂಡಿ ಕೊರೆದು ಉದ್ದನೆಯ ತೊಲೆಗಳನ್ನು ತೂರಿಸಬೇಕು. ತೊಲೆಗಳ ಕೆಳಗೆ ತಿರುಪಿನ ಜಾಕ್‌ಗಳನ್ನಿಟ್ಟು, ಎಲ್ಲವನ್ನೂ ಒಂದೇ ಸಮನೆ, ಒಂದೊಂದೇ ಸುತ್ತು ತಿರುಗಿಸುತ್ತ ಹೋಗಬೇಕು. ಒಂದು ಮೂಲೆ ಮುಂದಾಗಿ ಇನ್ನೊಂದು ಹಿಂದಾದರೆ ಗೋಡೆ ಸೀಳುತ್ತದೆ. ಮನೆ ಮೇಲೆದ್ದಂತೆಲ್ಲ ಕೆಳಗೆ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸುತ್ತ ಬರಬೇಕು. ಬೇಕಾದಷ್ಟು ಎತ್ತರಕ್ಕೆ ಬಂದ ಮೇಲೆ ಅಡಿಯಲ್ಲಿ ಉರುಳುಮರಗಳನ್ನು ಸೇರಿಸಿ ಎಳೆದರೆ ಮನೆ ಹೊರಟಿತು. ಇಂದು ತಿರುಪಿನ ಬದಲು ಎಣ್ಣೆಯ ಒತ್ತಡದ ಜಾಕ್‌ಗಳು, ಉರುಳುಮರಗಳ ಬದಲು ನೂರಾರು ಚಕ್ರದ ಗಾಡಿಗಳು ಬಂದಿವೆ. ತತ್ತ್ವ ಮಾತ್ರ ಅದೇ.

ಇದರ ಮಹಾಪ್ರಯೋಗ ನಡೆದದ್ದು ಷಿಕಾಗೋ ನಗರದಲ್ಲಿ. ಸರೋವರದ ದಡದ ಜೌಗು ನೆಲದಲ್ಲಿ ಬೆಳೆದ ಆ ಊರಿನಲ್ಲಿ ಕೊಳಚೆ ನೀರು ಹರಿದುಹೋಗಲು ಇಳಿಜಾರೇ ಇರಲಿಲ್ಲ; ಕಾಲರಾ ಮತ್ತೆ ಮತ್ತೆ ಬರುತ್ತಿತ್ತು. 1850ರ ದಶಕದಲ್ಲಿ ಎಲಿಸ್ ಚೆಸ್‌ಬ್ರೋ ಎಂಬ ಇಂಜಿನಿಯರರ ಯೋಜನೆಯಂತೆ ಚರಂಡಿಗಳನ್ನು ನೆಲದ ಮೇಲೆಯೇ ಕಟ್ಟಿ, ಬೀದಿಗಳನ್ನು ಅವುಗಳ ಮೇಲಕ್ಕೆ ಎತ್ತರಿಸಲಾಯಿತು. ಬೀದಿ ಮೇಲಕ್ಕೆ ಹೋದ ಮೇಲೆ ಮನೆಗಳೂ ಹೋಗಲೇಬೇಕಲ್ಲ! 1860ರಲ್ಲಿ ಲೇಕ್ ಸ್ಟ್ರೀಟಿನ 320 ಅಡಿ ಉದ್ದದ ಅಂಗಡಿಸಾಲನ್ನು 600 ಜನ 6,000 ಜಾಕ್‌ಗಳನ್ನು ತಿರುಗಿಸಿ ಐದು ದಿನಗಳಲ್ಲಿ ನಾಲ್ಕು ಅಡಿ ಎಂಟು ಅಂಗುಲ ಎತ್ತಿದರು. ಅಂಗಡಿಗಳಲ್ಲಿ ವ್ಯಾಪಾರ ನಿಲ್ಲಲಿಲ್ಲ. ಎತ್ತುವಷ್ಟು ಬೆಲೆಯಿಲ್ಲದ ಹಳೆಯ ಮರದ ಮನೆಗಳನ್ನು ಉರುಳುಮರಗಳ ಮೇಲಿಟ್ಟು ಊರ ಹೊರಗಿನ ನಿವೇಶನಗಳಿಗೆ ಎಳೆದೊಯ್ದರು. ಡೇವಿಡ್ ಮೆಕ್ರೇ ಎಂಬ ಸ್ಕಾಟ್ಲೆಂಡಿನ ಪ್ರವಾಸಿಯು ಒಂದೇ ದಿನ ಬೀದಿಯಲ್ಲಿ ಒಂಬತ್ತು ಮನೆಗಳು ಎದುರಾದುದನ್ನು ಬರೆದಿಟ್ಟಿದ್ದಾನೆ. ನಮ್ಮ ಬೀದಿಯಲ್ಲಿ ಒಂಬತ್ತು ಎಮ್ಮೆಗಳು ಎದುರಾದರೇ ನಾವು ಬದಿಗೆ ನಿಲ್ಲುತ್ತೇವೆ.

ಇಂಡಿಯಾನಾಪೊಲಿಸ್ ನಗರದ ಟೆಲಿಫೋನ್ ಕಂಪನಿಯ ಎಂಟಂತಸ್ತಿನ ಕಟ್ಟಡದ್ದು ಇನ್ನೂ ಸ್ವಾರಸ್ಯದ ಕಥೆ. ಅದೇ ನಿವೇಶನದಲ್ಲಿ ದೊಡ್ಡ ಕಟ್ಟಡ ಕಟ್ಟಬೇಕಾಗಿತ್ತು. ಆದರೆ ಹಳೆಯದನ್ನು ಕೆಡವಿದರೆ ಊರಿನ ಟೆಲಿಫೋನುಗಳು ನಿಲ್ಲುತ್ತಿದ್ದವು. ಹೀಗಾಗಿ 1930ರ ಅಕ್ಟೋಬರ್ 20ರಿಂದ ನವೆಂಬರ್ 14ರವರೆಗೆ ಸುಮಾರು 11,000 ಟನ್ ತೂಕದ ಆ ಕಟ್ಟಡವನ್ನು ದಕ್ಷಿಣಕ್ಕೆ 52 ಅಡಿ ಜರುಗಿಸಿ, 90 ಡಿಗ್ರಿ ತಿರುಗಿಸಿ, ಪಶ್ಚಿಮಕ್ಕೆ 100 ಅಡಿ ಒಯ್ದರು. ಒಳಗೆ 600 ನೌಕರರು ಎಂದಿನಂತೆ ಕೆಲಸ ಮಾಡುತ್ತಿದ್ದರು. ನೀರು, ಗ್ಯಾಸ್, ವಿದ್ಯುತ್ತು, ಟೆಲಿಫೋನ್ ತಂತಿ ಎಲ್ಲಕ್ಕೂ ಬಾಗುವ ಕೊಳವೆಗಳನ್ನು ಉದ್ದಕ್ಕೆ ಬಿಡಲಾಗಿತ್ತು. ಬೆಳಿಗ್ಗೆ ಹತ್ತಿದ ಮೆಟ್ಟಿಲು ಸಂಜೆ ಇಳಿಯುವಾಗ ಬೇರೆ ಕಡೆ ಇರುತ್ತಿತ್ತು. ಅಷ್ಟೆಲ್ಲ ಕಷ್ಟಪಟ್ಟು ಉಳಿಸಿಕೊಂಡ ಕಟ್ಟಡವನ್ನು 1963ರಲ್ಲಿ ಕೆಡವಿಬಿಟ್ಟರು ಎಂಬುದನ್ನೂ ಹೇಳಿಬಿಡಬೇಕು.

ನ್ಯೂಯಾರ್ಕಿನಲ್ಲಿ ಒಂದು ಮನೆಯು ಎರಡು ಸಲ ಜಾಗ ಬದಲಾಯಿಸಿದೆ. ಅಮೆರಿಕದ ಮೊದಲ ಹಣಕಾಸು ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ 32 ಎಕರೆಯ ತನ್ನ ಜಮೀನಿನ ನಡುವೆ 1802ರಲ್ಲಿ ಕಟ್ಟಿಸಿದ 'ಗ್ರೇಂಜ್' ಎಂಬ ಮನೆ ಅದು. ಎರಡೇ ವರ್ಷಗಳಲ್ಲಿ, 1804ರಲ್ಲಿ, ಏರನ್ ಬರ್ ಜೊತೆಗಿನ ದ್ವಂದ್ವಯುದ್ಧದಲ್ಲಿ ಆತ ಸತ್ತ. ನಗರ ಬೆಳೆದು ಬೀದಿಗಳು ಆ ಜಮೀನನ್ನು ಸೀಳಿದಾಗ, 1889ರಲ್ಲಿ ಮನೆಯನ್ನು ಪಕ್ಕದ ಕಾನ್ವೆಂಟ್ ಅವೆನ್ಯೂಗೆ ಸಾಗಿಸಿದರು. ಅಲ್ಲಿ ಚರ್ಚಿಗೂ ದೊಡ್ಡ ಕಟ್ಟಡಕ್ಕೂ ನಡುವೆ ಸಿಕ್ಕಿಕೊಂಡ ಅದು ತನ್ನ ಪಡಸಾಲೆಗಳನ್ನು ಕಳೆದುಕೊಂಡಿತು. ಮುಂಬಾಗಿಲನ್ನು ಬೀದಿಯ ಕಡೆಗೆ ಬದಲಾಯಿಸಿದರು. 2008ರ ಜೂನಿನಲ್ಲಿ ಮನೆಯನ್ನು ಚರ್ಚಿನ ಮುಂಚಾಚಿಗಿಂತಲೂ ಮೇಲಕ್ಕೆತ್ತಿ, ಬೀದಿಗಿಳಿಸಿ, ಸೇಂಟ್ ನಿಕೊಲಸ್ ಉದ್ಯಾನಕ್ಕೆ ತಂದರು. ಆ ಉದ್ಯಾನವು ಒಂದು ಕಾಲದಲ್ಲಿ ಹ್ಯಾಮಿಲ್ಟನ್ನನದೇ ಜಮೀನು. ಅಂದರೆ ಮನೆ ತನ್ನ ನೆಲಕ್ಕೆ ಮರಳಿತು. ಆದರೂ ಒಂದು ತಕರಾರು ಉಳಿಯಿತು. ಮೊದಲು ನೈಋತ್ಯಕ್ಕೆ ಮುಖ ಮಾಡಿದ್ದ ಮನೆ ಈಗ ಈಶಾನ್ಯಕ್ಕೆ ಮುಖ ಮಾಡಿ ನಿಂತಿದೆ. ಯಾವ ಕಿಟಕಿಗೆ ಬೆಳಗಿನ ಬಿಸಿಲು ಬರಲೆಂದು ಕಟ್ಟಿದ್ದರೋ ಆ ಕಿಟಕಿಗೆ ಈಗ ಸಂಜೆಯ ಬಿಸಿಲು. ವಾಸ್ತು ನೋಡಿ ಮನೆ ಕಟ್ಟುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇವೆಲ್ಲ ಹಣವಿದ್ದವರ, ಹೆಸರಿದ್ದವರ ಕಟ್ಟಡಗಳು. ಅವುಗಳ ಲೆಕ್ಕವನ್ನು ಪತ್ರಿಕೆಗಳು ಬರೆದವು, ಚಿತ್ರ ತೆಗೆದವು. ಬಡವರು ತಮ್ಮ ಮನೆಗಳನ್ನು ತಾವೇ ಸಾಗಿಸಿದ ಕಥೆ ಬೇರೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೆನಡಾದ ಪೂರ್ವದ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರದಲ್ಲಿ ನ್ಯೂಫೌಂಡ್‌ಲ್ಯಾಂಡ್ ಎಂಬ ದೊಡ್ಡ ದ್ವೀಪವಿದೆ. ಅದರ ಕರಾವಳಿಯು ಹರಿದ ಬಟ್ಟೆಯ ಅಂಚಿನಂತೆ ಕೊಲ್ಲಿಗಳಿಂದಲೂ ಸಣ್ಣ ಸಣ್ಣ ನಡುಗಡ್ಡೆಗಳಿಂದಲೂ ಕೂಡಿದೆ. ಕಾಡ್ ಎಂಬ ಮೀನನ್ನು ಹಿಡಿದು, ಉಪ್ಪು ಹಾಕಿ ಒಣಗಿಸಿ ಮಾರುವುದು ಅಲ್ಲಿಯ ಕಸುಬು. ಹುಟ್ಟುಹಾಕುವ ದೋಣಿಯಲ್ಲಿ ಮೀನಿರುವ ಜಾಗಕ್ಕೆ ಬೇಗ ತಲುಪಬೇಕೆಂದು ಜನರು ಸಮುದ್ರಕ್ಕೆ ಎಷ್ಟು ಹತ್ತಿರವೋ ಅಷ್ಟು ಹತ್ತಿರದ ಬಂಡೆಗಳ ಮೇಲೆ ಮನೆ ಕಟ್ಟಿಕೊಂಡರು. ಹತ್ತು ಮನೆ, ಇಪ್ಪತ್ತು ಮನೆ, ಒಂದು ಚರ್ಚು, ಒಂದು ಕೋಣೆಯ ಶಾಲೆ. ಇದು ಒಂದು ಊರು. ರಸ್ತೆಯೆಂಬುದಿಲ್ಲ. ಎಲ್ಲಿಗೆ ಹೋಗುವುದಾದರೂ ದೋಣಿಯೇ.

1949ರಲ್ಲಿ ನ್ಯೂಫೌಂಡ್‌ಲ್ಯಾಂಡ್ ಕೆನಡಾಕ್ಕೆ ಸೇರಿತು. ಜೋಯಿ ಸ್ಮಾಲ್‌ವುಡ್ ಅಲ್ಲಿನ ಮೊದಲ ಪ್ರಧಾನರಾದರು. ಇಷ್ಟೊಂದು ಚದುರಿದ ಊರುಗಳಿಗೆ ಆಸ್ಪತ್ರೆ, ಶಾಲೆ, ವಿದ್ಯುತ್ತು, ರಸ್ತೆ ಕೊಡುವುದು ಸಾಧ್ಯವಿಲ್ಲ, ಜನರೇ ಒಂದು ಕಡೆಗೆ ಬರಲಿ ಎಂಬುದು ಸರ್ಕಾರದ ನಿಲುವು. 1954ರಲ್ಲಿ ಊರು ಬಿಡುವ ಕುಟುಂಬಗಳಿಗೆ ಸಹಾಯಧನ ಕೊಡುವ ಯೋಜನೆ ಆರಂಭವಾಯಿತು. ಆಗ ಇದ್ದ ಷರತ್ತು: ಊರಿನ ಎಲ್ಲರೂ ಒಪ್ಪಬೇಕು. 1965ರಲ್ಲಿ ಕೇಂದ್ರ ಸರ್ಕಾರವೂ ಕೈಗೂಡಿಸಿತು. ಪ್ರತಿ ಕುಟುಂಬಕ್ಕೆ 1,000 ಡಾಲರ್, ಅದರ ಮೇಲೆ ತಲೆಗೆ 200 ಡಾಲರ್ ಎಂದಾಯಿತು. ಷರತ್ತು ಸಡಿಲವಾಗಿ ನೂರಕ್ಕೆ ತೊಂಬತ್ತು ಜನ ಒಪ್ಪಿದರೆ ಸಾಕು, ಆಮೇಲೆ ಎಂಬತ್ತು ಜನ ಒಪ್ಪಿದರೆ ಸಾಕು ಎಂದಾಯಿತು. 1954ರಿಂದ 1975ರವರೆಗೆ ಸುಮಾರು 300 ಊರುಗಳು ಬರಿದಾದವು. ಸುಮಾರು 30,000 ಜನ ಜಾಗ ಬದಲಾಯಿಸಿದರು.

ಆ ಜನರು ಮನೆಗಳನ್ನು ಏನು ಮಾಡಿದರು? ಬಹಳ ಜನ ಬಿಟ್ಟು ಹೋದರು. ಆದರೆ ಅನೇಕರು ತೆಗೆದುಕೊಂಡೇ ಹೋದರು. ಸರ್ಕಾರ ಕೊಟ್ಟ ಹಣದಲ್ಲಿ ಹೊಸ ಮನೆ ಏಳುವಂತಿರಲಿಲ್ಲ. ಹಳೆಯ ಮನೆಯಾದರೋ ತಾವೇ ಮರ ಕಡಿದು, ತಾವೇ ಕೊಯ್ದು ಕಟ್ಟಿದ್ದು. ಕಲ್ಲಿನ ಬುನಾದಿಯ ಮೇಲಲ್ಲ, ಮರದ ಗೂಟಗಳ ಮೇಲೆ ನಿಂತದ್ದು. ಮೊದಲು ಒಳಗಿನ ಒಲೆಯನ್ನೂ ಹೊಗೆಗೂಡನ್ನೂ ತೆಗೆದು ಭಾರ ಇಳಿಸುತ್ತಿದ್ದರು. ಅಡಿಗೆ ಉದ್ದನೆಯ ಮರಗಳನ್ನು ಕೊಟ್ಟು, ಹಗ್ಗ ಕಟ್ಟಿ, ಊರಿನ ಗಂಡಸರೆಲ್ಲ ಸೇರಿ ನೀರಿನಂಚಿಗೆ ಎಳೆಯುತ್ತಿದ್ದರು. ನಮ್ಮಲ್ಲಿ ತೇರೆಳೆಯುವಾಗ, ಭಾರ ಎತ್ತುವಾಗ ಒಬ್ಬ ಕೂಗಿದರೆ ಉಳಿದವರು 'ಐಸಾ' ಎನ್ನುತ್ತಾರಲ್ಲ, ಹಾಗೆಯೇ ಅವರಿಗೂ ಮನೆ ಎಳೆಯಲೆಂದೇ 'ಜಾಲಿ ಪೋಕರ್' ಎಂಬೊಂದು ಹಾಡಿತ್ತು. ಒಬ್ಬ ಸೊಲ್ಲು ಹಾಡಿದರೆ, ಅದರ ಕೊನೆಗೆ ಎಲ್ಲರೂ ಒಟ್ಟಿಗೆ ಜಗ್ಗುವುದು. ಕಡಲಂಚಿನಲ್ಲಿ ಖಾಲಿ ಎಣ್ಣೆಯ ಪೀಪಾಯಿಗಳನ್ನು ಮನೆಯ ಸುತ್ತ ಬಿಗಿದು, ಭರತಕ್ಕಾಗಿ ಕಾಯುತ್ತಿದ್ದರು. ನೀರು ಏರಿದಾಗ ಮನೆ ತಾನಾಗಿ ತೇಲುತ್ತಿತ್ತು. ಗಾಳಿಯಿಲ್ಲದ ದಿನ ನೋಡಿ, ನಾಲ್ಕಾರು ಮೋಟಾರು ದೋಣಿಗಳಿಗೆ ಹಗ್ಗ ಕಟ್ಟಿ ನಿಧಾನವಾಗಿ ಎಳೆದೊಯ್ಯುತ್ತಿದ್ದರು. ಕೆಲವು ಮನೆಗಳು ದಾರಿಯಲ್ಲಿ ಮುಳುಗಿದ್ದೂ ಉಂಟು.

1961ರಲ್ಲಿ ಬೋನವಿಸ್ಟಾ ಕೊಲ್ಲಿಯ ಸಿಲ್ವರ್ ಫಾಕ್ಸ್ ಎಂಬ ನಡುಗಡ್ಡೆಯಿಂದ ಡೋವರ್ ಎಂಬ ಊರಿಗೆ ಹೀಗೆ ತೇಲಿಹೋದ ಮನೆಯೊಂದರ ಛಾಯಾಚಿತ್ರ ಬಹು ಪ್ರಸಿದ್ಧವಾಗಿದೆ. ನಾಲ್ಕೂ ಕಡೆ ನೀರು. ನಡುವೆ ಮಹಡಿಯ ಮನೆ. ಮುಂದೆ ಪುಟ್ಟ ದೋಣಿಗಳು. ಚಿತ್ರವನ್ನು ನೋಡಿದವರು ಮೊದಲು ನಗುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ.

ತರಲಾಗದೆ ಉಳಿದದ್ದು ಬಹಳ. ಚರ್ಚು ಉಳಿಯಿತು, ಸ್ಮಶಾನ ಉಳಿಯಿತು. ಅಜ್ಜ ಮುತ್ತಜ್ಜಂದಿರು ಬಂಡೆಗಳ ಸಂದಿಗೆ ಮಣ್ಣು ಹೊತ್ತು ಹಾಕಿ ಮಾಡಿದ ಆಲೂಗಡ್ಡೆಯ ಪಾತಿಗಳು ಉಳಿದವು. ಎಲ್ಲಿ, ಯಾವ ತಿಂಗಳು, ಯಾವ ಗಾಳಿಗೆ ಮೀನು ಬರುತ್ತದೆಂಬ ತಿಳಿವಳಿಕೆಯಂತೂ ಆ ನೀರಿಗೇ ಸೇರಿದ್ದು. ಹೊಸ ಊರಿನ ನೀರಿನಲ್ಲಿ ಅದು ಕೆಲಸಕ್ಕೆ ಬಾರದು. ಇದಕ್ಕಿಂತ ಕಷ್ಟದ್ದು ಒಪ್ಪಿಗೆಯ ಲೆಕ್ಕ. ಹೋಗುವವರ ಹಣವು ಉಳಿಯುವವರ ಸಹಿಯ ಮೇಲೆ ನಿಂತಿತ್ತು. ಒಂದು ಮನೆಯವರು ಒಲ್ಲೆವೆಂದರೆ ಹತ್ತು ಮನೆಯವರ ಹಣ ನಿಲ್ಲುತ್ತಿತ್ತು. ಹೀಗೆ ತಲೆಮಾರುಗಳಿಂದ ಒಂದೇ ದೋಣಿಯಲ್ಲಿ ದುಡಿದ ಅಣ್ಣತಮ್ಮಂದಿರಲ್ಲಿ ಮಾತು ನಿಂತುಹೋಯಿತು. ನಾನು ಮೇಷ್ಟರಾಗಿದ್ದವನಾದ್ದರಿಂದ ಒಂದು ಸಂಗತಿ ನನ್ನ ಮನಸ್ಸಿಗೆ ನಾಟಿತು. ಆ ಊರುಗಳು ಕುಸಿಯಲು ಬಹಳ ಕಡೆ ಶಾಲೆಯೇ ಮೊದಲಾಯಿತು. ಶಿಕ್ಷಕರು ಹೋದ ಮೇಲೆ ಬದಲಿ ಬಾರದಿದ್ದರೆ, ಮಕ್ಕಳಿದ್ದ ಮನೆಯವರು ಹೊರಡದೆ ಗತ್ಯಂತರವಿರಲಿಲ್ಲ. ಕಾಗದದ ಮೇಲೆ ಅದು ಸ್ವಇಚ್ಛೆಯ ಸ್ಥಳಾಂತರ.

ಸರ್ಕಾರದ ಮಾತಿನಲ್ಲಿ ಸತ್ಯವಿರಲಿಲ್ಲವೆಂದಲ್ಲ. ಹೆರಿಗೆಯ ಹೊತ್ತಿಗೆ ವೈದ್ಯರು ಸಿಗದೆ ಸತ್ತವರಿದ್ದರು. ಹೊಸ ಊರಿನಲ್ಲಿ ಮಕ್ಕಳಿಗೆ ಹೈಸ್ಕೂಲು ಸಿಕ್ಕಿತು, ಮನೆಗೆ ದೀಪ ಬಂತು. ಹೋದದ್ದು ಒಳ್ಳೆಯದಾಯಿತೆಂದು ಹೇಳುವವರೂ ಅವರಲ್ಲಿ ಇದ್ದಾರೆ. ಆದರೆ ಹೊಸ ಊರುಗಳಲ್ಲಿ ಕೊಡುತ್ತೇವೆಂದ ಉದ್ಯೋಗ ಎಲ್ಲರಿಗೂ ಸಿಗಲಿಲ್ಲ. 1992ರ ಜುಲೈನಲ್ಲಿ, ಮೀನಿನ ಸಂತತಿಯೇ ಕ್ಷಯಿಸಿತೆಂದು ಕೆನಡಾ ಸರ್ಕಾರವು ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಿತು. ಯಾವ ಕಾರ್ಖಾನೆಗಳ ಆಸೆಯಿಂದ ಮನೆಗಳನ್ನು ತೇಲಿಸಿ ತಂದಿದ್ದರೋ ಅವುಗಳ ಬಾಗಿಲು ಮುಚ್ಚಿತು. ಸ್ಥಳಾಂತರವೂ ಮುಗಿಯಲಿಲ್ಲ. 2019ರ ಡಿಸೆಂಬರ್ 31ರಂದು ಲಿಟ್ಲ್ ಬೇ ಐಲೆಂಡ್ಸ್ ಎಂಬ ಊರಿನ ವಿದ್ಯುತ್ತನ್ನು ಕಡಿದರು. ಈ ಸಲ ಪರಿಹಾರ ಒಂದು ಮನೆಗೆ ಎರಡೂವರೆ ಲಕ್ಷ ಡಾಲರಿಗೂ ಮೇಲೆ; ಮನೆಯನ್ನು ಹೊತ್ತೊಯ್ಯುವ ಅಗತ್ಯವಿರಲಿಲ್ಲ. ಆದರೂ ಒಂದು ದಂಪತಿ ಅಲ್ಲಿಯೇ ಉಳಿದರು.

ಈ ಕಥೆ ನನಗೆ ಇಷ್ಟು ಹತ್ತಿರವೆನಿಸಲು ಕಾರಣವಿದೆ. ಸಿಲ್ವರ್ ಫಾಕ್ಸಿನ ಮನೆ ಸಮುದ್ರಕ್ಕಿಳಿದ ಹೊತ್ತಿನಲ್ಲಿಯೇ ನಮ್ಮ ಶರಾವತಿ ಕಣಿವೆಯ ಮನೆಗಳೂ ಹೊರಟಿದ್ದವು. 1948ರಲ್ಲಿ ಹಿರೇಭಾಸ್ಕರದ ಅಣೆಕಟ್ಟಿನಿಂದಾಗಿ ಒಂದು ಸಲ ನೀರು ಏರಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣವಾದಾಗ ಆ ಹಳೆಯ ಅಣೆಕಟ್ಟೇ ಮುಳುಗಿತೆಂದರೆ, ಎರಡನೆಯ ನೀರು ಎಷ್ಟು ಮೇಲೆ ಬಂತೆಂಬುದನ್ನು ಊಹಿಸಬಹುದು. ನನ್ನ ತಾಯಿಯ ತವರುಮನೆ ಆ ನೀರಿನ ಕೆಳಗಿದೆ. ಮಳೆ ಕಡಿಮೆಯಾಗಿ ನೀರು ತೀರ ಇಳಿದ ಬೇಸಿಗೆಗಳಲ್ಲಿ ಹಿರೇಭಾಸ್ಕರದ ಕಟ್ಟೆ ತಲೆಯೆತ್ತುತ್ತದೆ. ನಮ್ಮ ಅಜ್ಜಿಯ ಮನೆಯ ಪಂಚಾಂಗ ಅದಕ್ಕಿಂತ ತಗ್ಗಿನಲ್ಲಿದೆ.

ಆ ಮನೆಯನ್ನು ಬಿಚ್ಚಿದ್ದು 1960ರ ಬೇಸಿಗೆಯಲ್ಲಿ. ಆಗ ನನಗೆ ಒಂಬತ್ತು ವರ್ಷ. ಐದಂಕಣದ ಮನೆ, ಹಲಸಿನ ಮುಂಡಿಗೆಗಳು, ಮೇಲೆ ಅಟ್ಟ, ಮಂಗಳೂರು ಹೆಂಚು. ದೊಡ್ಡ ಮಾವನವರು ಊರಿನ ಆಚಾರಿಯನ್ನು ಕರೆಸಿದ್ದರು. ಆಚಾರಿಯು ಒಂದೊಂದು ಮುಂಡಿಗೆಯನ್ನೂ ತೊಲೆಯನ್ನೂ ಬಿಚ್ಚುವ ಮೊದಲು, ಮರಕ್ಕೆ ಮರ ಸೇರುವ ಕಡೆ ಉಳಿಯಿಂದ ಗೀರು ಹಾಕುತ್ತಿದ್ದ. ಮೂಡಣ ಸಾಲಿಗೆ ನೇರ ಗೀರು, ಪಡುವಣ ಸಾಲಿಗೆ ಓರೆ ಗೀರು. ಒಂದನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಅಕ್ಷರ ಬಾರದ ಆತನ ಆ ಲೆಕ್ಕ ಒಂದೇ ಒಂದು ಕಡೆಯೂ ತಪ್ಪಲಿಲ್ಲ. ನಾವು ಮಕ್ಕಳು ಸಾಲಾಗಿ ನಿಂತು ಹೆಂಚುಗಳನ್ನು ಕೈಯಿಂದ ಕೈಗೆ ದಾಟಿಸಿದೆವು. ಪಕಾಸಿ, ರೀಪುಗಳನ್ನು ಕಟ್ಟು ಕಟ್ಟಿದರು. ಬಾಗಿಲುವಾಡವನ್ನು ಮಾತ್ರ ಬಿಚ್ಚಲಿಲ್ಲ. ಇಡಿಯಾಗಿ ಗಾಡಿಯ ಮೇಲೆ ಮಲಗಿಸಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಅಜ್ಜಿ ಕೈಮುಗಿದರು.

ಮರ ಬಂತು, ಹೆಂಚು ಬಂತು, ಒರಳುಕಲ್ಲು ಬಂತು. ತುಳಸಿಯನ್ನು ಬೇರುಸಹಿತ ತಂದರು. ಗೋಡೆ ಬರಲಿಲ್ಲ. ಮಣ್ಣಿನ ಗೋಡೆ ಎಲ್ಲಿಂದ ಬರಬೇಕು? ಮಳೆಗಾಲಕ್ಕೆ ಮೊದಲು ಮಾಡು ಏಳಬೇಕೆಂಬ ಅವಸರ. ಸಾಗಾಟದ ಖರ್ಚಿಗೆಂದು ಒಂದಿಷ್ಟು ನಾಟಾವನ್ನು ದಾರಿಯಲ್ಲೇ ಮಾರಿದ್ದರು. ಪರಿಹಾರದ ಹಣ ಕಂತಿನಲ್ಲಿ ಬರುತ್ತಿತ್ತು; ಅದಕ್ಕಾಗಿ ಮಾವನವರು ತಿರುಗಿದ ತಿರುಗಾಟವನ್ನು ಬರೆದರೆ ಬೇರೆಯೇ ಪ್ರಬಂಧವಾಗುತ್ತದೆ. ಹೀಗಾಗಿ ಐದಂಕಣದ ಮನೆ ಮೂರಂಕಣವಾಗಿ ಎದ್ದಿತು. ಗೀರುಗಳೆಲ್ಲ ಸರಿಯಾಗಿ ಕೂಡಿಕೊಂಡವು. ಆದರೆ ಒಂದನೆಯ ಮುಂಡಿಗೆಯ ಪಕ್ಕದಲ್ಲಿ ನಾಲ್ಕನೆಯದು ಬಂದು ನಿಂತಿತ್ತು.

ಹಳೆಯ ಮನೆಯಲ್ಲಿ ನಡುಮನೆಯಿಂದ ಅಡುಗೆಮನೆಗೆ ಹೋಗುವ ಬಾಗಿಲಿನ ಬಲಗಡೆ, ಗೋಡೆಯಲ್ಲಿ ದೀಪದ ಗೂಡು ಇತ್ತು. ಕತ್ತಲೆಯಲ್ಲಿ ಅಜ್ಜಿಯ ಕೈ ನೇರವಾಗಿ ಅಲ್ಲಿಗೇ ಹೋಗುತ್ತಿತ್ತು. ಹೊಸ ಮನೆಯಲ್ಲಿ ಬಾಗಿಲು ಅದೇ, ಬಾಗಿಲುವಾಡವೂ ಅದೇ. ಬಲಗಡೆ ಬರೀ ಗೋಡೆ. ಅಜ್ಜಿಯ ಕೈ ಎಷ್ಟೋ ವರ್ಷ ಆ ಗೋಡೆಯನ್ನು ತಡವುತ್ತಿತ್ತು. ಗೂಡು ಕೊರೆಸೋಣವೆಂದು ಮಾವನವರು ಹೇಳಿದರೆ, 'ಬ್ಯಾಡ ಬಿಡು, ಅಭ್ಯಾಸ ಆಗ್ತದೆ' ಎನ್ನುತ್ತಿದ್ದರು. ಅಭ್ಯಾಸವಾಗಲಿಲ್ಲ. ನಾಡಿಗೆ ಬೆಳಕು ಕೊಡಲೆಂದು ಮುಳುಗಿದ ಕಣಿವೆಯವರ ಹೊಸ ಊರಿಗೆ ವಿದ್ಯುತ್ತು ಬರುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ನಮ್ಮ ಬಂಧುಗಳಲ್ಲಿ ಇದನ್ನು ಓದುವ ಕಿರಿಯರಿಗೆ ಒಂದು ಮಾತು. ಆ ಮನೆಯವರು ಮುಳುಗಡೆಯಿಂದ ನಷ್ಟವನ್ನಷ್ಟೇ ಕಂಡರೆಂದು ನಾನು ಹೇಳುತ್ತಿಲ್ಲ. ನಾವೆಲ್ಲ ಶಾಲೆ ಕಲಿತು ನೌಕರಿ ಹಿಡಿದದ್ದು ಹೊಸ ಊರು ರಸ್ತೆಯ ಪಕ್ಕದಲ್ಲಿದ್ದುದರಿಂದ. ಆದರೆ ಹಳೆಯ ಊರಿನ ಹನ್ನೊಂದು ಮನೆಗಳು ಏಳು ಬೇರೆ ಬೇರೆ ಊರುಗಳಿಗೆ ಹೋದವು. ಮನೆ ಬಿಚ್ಚುವಾಗ ಹನ್ನೊಂದು ಮನೆಯವರೂ ಬಂದು ಕೈಕೊಟ್ಟಿದ್ದರು. ಕಟ್ಟುವಾಗ ಕೂಲಿಯವರನ್ನು ಕರೆಯಬೇಕಾಯಿತು. ಜಮೀನಿನ ಹಕ್ಕುಪತ್ರಕ್ಕಾಗಿ ಮುಳುಗಡೆಯ ಕುಟುಂಬಗಳು ದಶಕಗಳ ಕಾಲ ಅಲೆದದ್ದು ಎಲ್ಲರಿಗೂ ತಿಳಿದ ಸಂಗತಿ. ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವರು ಲಾಂಚಿಗಾಗಿ ಕಾಯುವುದು ತಪ್ಪಿದ್ದು, ಸಿಗಂದೂರಿನ ಸೇತುವೆ ಉದ್ಘಾಟನೆಯಾದ 2025ರ ಜುಲೈನಲ್ಲಿ.

ಬಿಚ್ಚಿ ಮತ್ತೆ ಕಟ್ಟುವ ಈ ವಿದ್ಯೆ ನಮ್ಮ ನಾಡಿನಲ್ಲಿ ದೊಡ್ಡ ಪ್ರಮಾಣದಲ್ಲಿಯೂ ನಡೆದಿದೆ. ಶ್ರೀಶೈಲಂ ಜಲಾಶಯದಲ್ಲಿ ಮುಳುಗಲಿದ್ದ, ಕೃಷ್ಣಾ ತುಂಗಭದ್ರಾ ಸಂಗಮದ ಕೂಡವೆಲ್ಲಿಯ ಚಾಲುಕ್ಯರ ಕಾಲದ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಕುಂಜೂರು ಚೌಕಿಮನೆ, ಮುಧೋಳ ಅರಮನೆಯ ದರ್ಬಾರು, ಕುಕನೂರಿನ ಕಮಲ ಮಹಲ್ ಮೊದಲಾದವು ತಮ್ಮ ತಮ್ಮ ಊರುಗಳಿಂದ ಬಂದು ಅಕ್ಕಪಕ್ಕದಲ್ಲಿ ನಿಂತಿವೆ. ಕೆಡವಿ ಸೌದೆಯಾಗಲಿದ್ದ ಮನೆಗಳನ್ನು ಉಳಿಸಲು ಜೀವಮಾನವನ್ನೇ ಕಳೆದ ಶೆಣೈ ಅವರು 2017ರಲ್ಲಿ ತೀರಿಕೊಂಡರು. ಅಲ್ಲಿಗೆ ಹೋದವರು ಕಂಬಗಳ ಕೆತ್ತನೆಯನ್ನು ನೋಡಿ ಬರುತ್ತಾರೆ. ಮುಂದಿನ ಸಲ ಹೋದಾಗ, ಮರಕ್ಕೆ ಮರ ಸೇರುವ ಸಂದುಗಳನ್ನೂ ನೋಡಿ ಬನ್ನಿ. ಬಿಚ್ಚಿದವನ ಮತ್ತು ಕೂಡಿಸಿದವನ ಕೈಚಳಕ ಕಾಣುವುದು ಅಲ್ಲಿಯೇ.

ಇತ್ತೀಚಿನ ಉದಾಹರಣೆ ಸ್ವೀಡನ್ ದೇಶದ ಉತ್ತರ ತುದಿಯ ಕಿರುನಾ ಪಟ್ಟಣದ್ದು. ಕಬ್ಬಿಣದ ಅದಿರಿನ ಗಣಿಯಿಂದಲೇ ಹುಟ್ಟಿದ ಊರು ಅದು. ಗಣಿ ಆಳಕ್ಕಿಳಿದಂತೆ ಊರಿನ ಕೆಳಗಿನ ನೆಲ ಬಿರಿಯತೊಡಗಿತು. ಊರನ್ನೇ ಸರಿಸಬೇಕೆಂದು 2004ರಲ್ಲಿ ಪ್ರಕಟಿಸಿದರು. 1912ರಲ್ಲಿ ಕಟ್ಟಿ ಮುಗಿಸಿದ ಅಲ್ಲಿನ ಮರದ ಚರ್ಚನ್ನು 2025ರ ಆಗಸ್ಟ್ 19 ಮತ್ತು 20ರಂದು ಐದು ಕಿಲೋಮೀಟರು ದೂರ ಇಡಿಯಾಗಿ ಸಾಗಿಸಿದರು. ತೂಕ 672 ಟನ್. ದಾರಿ ಅಗಲ ಮಾಡಲು ಒಂದು ವರ್ಷವೇ ಹಿಡಿಯಿತು. ಗಣಿಯ ಕಂಪನಿಯೇ ಖರ್ಚು ಕೊಟ್ಟಿತು. ಇಡೀ ದೇಶ ದೂರದರ್ಶನದಲ್ಲಿ ನೋಡಿತು. ಆದರೆ ಪಟ್ಟಣದ ಎಲ್ಲ ಮನೆಗಳಿಗೂ ಆ ಭಾಗ್ಯವಿಲ್ಲ. ಆಯ್ದ ಕೆಲವು ಕಟ್ಟಡಗಳು ಚಕ್ರವೇರುತ್ತವೆ, ಉಳಿದವನ್ನು ಕೆಡವುತ್ತಾರೆ.

ಈ ಎಲ್ಲ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು. ಮನೆಯನ್ನು ಸಾಗಿಸುವುದು ಕಠಿಣವಾದ ಕೆಲಸವೆಂದು ನಾವು ಬೆರಗಾಗುತ್ತೇವೆ. ವಾಸ್ತವವಾಗಿ ಆ ಭಾಗವನ್ನು ಮನುಷ್ಯನು ನೂರೈವತ್ತು ವರ್ಷಗಳ ಹಿಂದೆಯೇ ಚೆನ್ನಾಗಿ ಕಲಿತಿದ್ದಾನೆ. ಹಣವಿದ್ದ ಕಡೆ ಜಾಕ್‌ಗಳಿಂದ, ಹಣವಿಲ್ಲದ ಕಡೆ ಪೀಪಾಯಿಗಳಿಂದ ಕೆಲಸ ನಡೆದಿದೆ. ಇನ್ನೂ ಕಲಿಯದೆ ಉಳಿದಿರುವುದು ಊರನ್ನು ಸಾಗಿಸುವ ವಿದ್ಯೆ. ಯಾರ ಪಕ್ಕದಲ್ಲಿ ಯಾರ ಮನೆ, ಯಾರ ಬಾವಿಯಿಂದ ಯಾರಿಗೆ ನೀರು, ಮನೆ ಎಳೆಯಲು ಕರೆದರೆ ಬರುವವರು ಯಾರು ಎಂಬುದಕ್ಕೆ ಯಾವ ಆಚಾರಿಯೂ ಗೀರು ಹಾಕಿಕೊಡಲಾರ. ಪರಿಹಾರದ ಪಟ್ಟಿಯಲ್ಲಿ ಮನೆಗೆ ಇಷ್ಟು, ಮರಕ್ಕೆ ಇಷ್ಟು, ಬಾವಿಗೆ ಇಷ್ಟು ಎಂದು ಬರೆಯುತ್ತಾರೆ. ನೆರೆಹೊರೆಗೆ ಇಷ್ಟು ಎಂಬ ಅಂಕಣವಿರುವುದಿಲ್ಲ. ನಾಳೆ ಇನ್ನೊಂದು ಅಣೆಕಟ್ಟೋ ಹೆದ್ದಾರಿಯೋ ಬಂದಾಗ, ಒಂದು ಊರಿನವರನ್ನು ಒಂದೇ ಕಡೆ ನೆಲೆಗೊಳಿಸುವ ಕನಿಷ್ಠ ವಿವೇಕವನ್ನಾದರೂ ನಾವು ತೋರಬೇಕು. ಅದಕ್ಕೆ ಜಾಕ್ ಬೇಡ, ಚಕ್ರ ಬೇಡ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಮುಳುಗಡೆಯ ಮನೆಗಳಿಂದ ಬಂದವರು. ಕೆಲವರು ಮದುವೆಯಾಗಿ, ಕೆಲವರು ನೌಕರಿಯ ನಿಮಿತ್ತ ಆಲಮಟ್ಟಿಯ ಹಿನ್ನೀರಿನ ಬಾಗಲಕೋಟೆಯ ಕಡೆಯೂ ಇದ್ದೀರಿ. ನಿಮ್ಮ ಮನೆಯ ಮುಂಡಿಗೆಯೋ ಬಾಗಿಲುವಾಡವೋ ಹಳೆಯ ಊರಿನಿಂದ ಬಂದದ್ದಾದರೆ, ಅದು ಯಾವ ಊರಿನಿಂದ, ಯಾವ ವರ್ಷ, ಯಾರ ಗಾಡಿಯಲ್ಲಿ ಬಂತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಬಿಚ್ಚುವ ದಿನ ಕೈಕೊಟ್ಟವರ ಹೆಸರುಗಳನ್ನೂ ಕೇಳಿ. ಹೇಳಬಲ್ಲವರು ಈಗ ಎಂಬತ್ತರ ಆಚೆ ಇದ್ದಾರೆ. ಈ ದೀಪಾವಳಿಗೆ ಊರಿಗೆ ಹೋದಾಗಲೇ ಈ ಕೆಲಸ ಆಗಲಿ.